ವಾಷಿಂಗ್ಟನ್‌ನ ಹೊಗೆಸೊಪ್ಪು, ಲಂಡನ್ನಿನ ಸಾಹುಕಾರ: ಲೆಕ್ಕ ತಪ್ಪಿದ್ದು ಎಲ್ಲಿ?

ಹಳೇ_ಕಾಗದ

ಎಲ್ಲರಿಗೂ ನಮಸ್ಕಾರ.

ಎರಡು ತಿಂಗಳಿಂದ ಜಾರ್ಜ್ ವಾಷಿಂಗ್ಟನ್ ಬರೆದ ಪತ್ರಗಳನ್ನು ಓದುತ್ತಿದ್ದೇನೆ. ಯುದ್ಧಕಾಲದ ಪತ್ರಗಳಲ್ಲ. ಅಮೆರಿಕಾದ ಅಧ್ಯಕ್ಷನಾಗುವುದಕ್ಕೆ ಮೂವತ್ತು ವರ್ಷ ಮೊದಲು, ಆಗ ಬ್ರಿಟನ್ನಿನ ವಸಾಹತಾಗಿದ್ದ ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆಸುತ್ತಿದ್ದಾಗ ಲಂಡನ್ನಿನ ವ್ಯಾಪಾರಿಗೆ ಬರೆದವು. ಓದಿದಷ್ಟೂ ಒಂದೇ ಪ್ರಶ್ನೆ ಕಾಡುತ್ತಿದೆ. ಅದನ್ನು ಇಲ್ಲಿ ಕೇಳೋಣ ಅಂತ ಬಂದೆ.

1759ರ ಜನವರಿ 6ರಂದು ಅವನು ಮಾರ್ಥಾ ಕಸ್ಟಿಸ್ ಎಂಬ ವಿಧವೆಯನ್ನು ಮದುವೆಯಾದ. ಆಕೆಯ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ತೀರಿಕೊಂಡಿದ್ದ. ವರ್ಜೀನಿಯಾದ ದೊಡ್ಡ ಆಸ್ತಿವಂತರಲ್ಲಿ ಒಬ್ಬ. ಆ ಮನೆಯ ಹೊಗೆಸೊಪ್ಪು ಲಂಡನ್ನಿನ ರಾಬರ್ಟ್ ಕೇರಿ ಕಂಪನಿಗೆ ಹೋಗುತ್ತಿತ್ತು. ಮೇ 1ರಂದು ವಾಷಿಂಗ್ಟನ್ ಆ ಕಂಪನಿಗೆ ಕಾಗದ ಬರೆದ. ಪಾದ್ರಿ ಕೊಟ್ಟ ಮದುವೆಯ ಪ್ರಮಾಣಪತ್ರವನ್ನೂ ಜೊತೆಗಿಟ್ಟ. ಇನ್ನು ಮೇಲೆ ಕಸ್ಟಿಸ್ ಮನೆಯ ವ್ಯವಹಾರದ ಕಾಗದಗಳೆಲ್ಲ ನನ್ನ ಹೆಸರಿಗೇ ಬರಲಿ ಅಂದ. ಹೀಗೆ ಜಮೀನಿನ ಜೊತೆ ಲಂಡನ್ನಿನ ಖಾತೆಯೂ ಅವನ ಕೈಗೆ ಬಂತು.

ವ್ಯವಹಾರ ನಡೆಯುತ್ತಿದ್ದ ರೀತಿ ಹೀಗೆ. ಒಣಗಿಸಿದ ಎಲೆಯನ್ನು ದೊಡ್ಡ ಮರದ ಪೀಪಾಯಿಗೆ ಒತ್ತಿ ತುಂಬುತ್ತಿದ್ದರು. ಒಂದೊಂದು ಪೀಪಾಯಿ ಸುಮಾರು 1000 ಪೌಂಡ್, ಅಂದರೆ 450 ಕಿಲೋ ತೂಗುತ್ತಿತ್ತು. ಅದನ್ನು ಹಡಗಿಗೆ ಏರಿಸುವುದು. ಲಂಡನ್ನಿನಲ್ಲಿ ಮಾರಾಟ ಆಗುವವರೆಗೂ ಎಲೆ ಬೆಳೆಗಾರನದೇ. ಸಮುದ್ರದಲ್ಲಿ ಮುಳುಗಿದರೂ, ನೆಂದು ಕೊಳೆತರೂ, ಬೆಲೆ ಬಿದ್ದರೂ ನಷ್ಟ ಅವನದೇ. ಕೇರಿ ಕಂಪನಿ ಅದನ್ನು ಮಾರಿ, ಹಡಗಿನ ಬಾಡಿಗೆ, ವಿಮೆ, ಸುಂಕ, ಗೋದಾಮು, ತನ್ನ ಕಮಿಷನ್ ಎಲ್ಲ ಕಳೆದು, ಉಳಿದದ್ದನ್ನು ಖಾತೆಗೆ ಜಮಾ ಮಾಡುತ್ತಿತ್ತು. ಅದೇ ಖಾತೆಯಿಂದ ವಾಷಿಂಗ್ಟನ್ ಕೇಳಿದ ಸಾಮಾನನ್ನೆಲ್ಲ ಕೊಂಡು ಕಳಿಸುತ್ತಿತ್ತು. ಬಟ್ಟೆ, ಮೊಳೆ, ಗುದ್ದಲಿ, ಔಷಧಿ, ಪುಸ್ತಕ, ಮಗಳಿಗೆ ಗೊಂಬೆ.

ಎಲೆ ಮಾರುವವನೂ ಕೇರಿಯೇ. ಕೊಳ್ಳುವವನೂ ಅವನೇ. ಸಾಲ ಕೊಡುವವನೂ ಅವನೇ. ಲೆಕ್ಕ ಬರೆಯುವವನೂ ಅವನೇ.

ಒಂದೇ ವರ್ಷದಲ್ಲಿ ಜಗಳ ಶುರು. 1760ರ ಸೆಪ್ಟೆಂಬರ್ 28ರ ಪತ್ರದಲ್ಲಿ ವಾಷಿಂಗ್ಟನ್ ಕಟುವಾಗಿ ಬರೆಯುತ್ತಾನೆ. ಹೊಸ ಮಾದರಿಯ ಸಾಮಾನು ಕೇಳಿದರೆ ನಮ್ಮ ಪೂರ್ವಜರ ಕಾಲದವನ್ನು ಕಳಿಸುತ್ತೀರಿ. ರಫ್ತಿಗೆ ಅಂತ ಗೊತ್ತಾದ ತಕ್ಷಣ ಲಂಡನ್ನಿನ ಅಂಗಡಿಯವರು ಹಳೆಯದನ್ನು, ಹುರುಳಿಲ್ಲದ್ದನ್ನು ನಮ್ಮ ತಲೆಗೆ ಕಟ್ಟಿ, ಬೆಲೆಯನ್ನು ಮಾತ್ರ ನೂರಕ್ಕೆ 10, 15, 20ರಷ್ಟು ಏರಿಸುತ್ತಾರೆ. ಇದು ಆ ಪತ್ರದ ಸಾರ.

ನನ್ನ ಪ್ರಶ್ನೆ ಇಷ್ಟೇ. ನಾಲ್ಕೈದು ವರ್ಷದಲ್ಲಿ ಇಷ್ಟು ದೊಡ್ಡ ಆಸ್ತಿವಂತ ಸಾಲಗಾರನಾದ. ಇದರಲ್ಲಿ ತಪ್ಪು ಯಾರದು? ಕೇರಿಯದಾ, ವಾಷಿಂಗ್ಟನ್ನನದಾ, ಇಲ್ಲ ಈ ಪದ್ಧತಿಯದೇನಾ?

---

ಹುಣಸೂರು_ಬೇಸಾಯ

ಸರ್, ನಾವು ಮೂರು ತಲೆಮಾರಿಂದ ಹೊಗೆಸೊಪ್ಪು ಬೆಳೆಯುವವರು. ನಮ್ಮದಕ್ಕೂ ವರ್ಜೀನಿಯಾ ಅಂತಲೇ ಹೆಸರು. ಆ ಊರು ಎಲ್ಲಿದೆ ಅಂತ ನಮ್ಮ ತಂದೆ ಕೊನೆಯವರೆಗೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಬರಹ ಓದಿ ಅವರ ನೆನಪಾಯಿತು.

ನನಗೆ ಅರ್ಥವಾಗದ್ದು ಒಂದೇ. ಬೆಲೆ ಗೊತ್ತಿಲ್ಲದೆ ಯಾರಾದರೂ ಬೆಳೆಯನ್ನು ಕಳಿಸಿಬಿಡುತ್ತಾರಾ? ನಮ್ಮಲ್ಲಿ ಹರಾಜು ಅಂದರೆ ಬೇಲ್‌ಗಳನ್ನು, ಅಂದರೆ ಎಲೆಯ ಮೂಟೆಗಳನ್ನು, ಸಾಲಾಗಿ ಇಟ್ಟಿರುತ್ತಾರೆ. ಕೊಳ್ಳುವವರು ಬೇಲ್ ಒಳಗೆ ಕೈ ಹಾಕಿ ಎಲೆ ಎಳೆದು ನೋಡುತ್ತಾರೆ. ಬಣ್ಣ ನೋಡುತ್ತಾರೆ, ಬೆರಳಲ್ಲಿ ಉಜ್ಜಿ ನೋಡುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ. ದರ ಸರಿಬರಲಿಲ್ಲ ಅಂದರೆ ಬೇಡ ಅಂತ ಹೇಳಿ ವಾಪಸ್ ತರಬಹುದು. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಬಂದದ್ದು 1984ರಲ್ಲಿ. ಅದಕ್ಕೂ ಮುಂಚೆ ವ್ಯಾಪಾರಿ ಹೇಳಿದ್ದೇ ದರ ಅಂತ ತಂದೆ ಹೇಳುತ್ತಿದ್ದರು. ಮನೆಗೆ ಬಂದು ಎಲೆ ಒಯ್ಯುತ್ತಿದ್ದರು, ದುಡ್ಡು ಆಮೇಲೆ.

ಆದರೂ ಆ ವ್ಯಾಪಾರಿಯ ಊರಿಗೆ ಬಸ್ಸು ಹತ್ತಿ ಹೋಗಿ ಕೇಳಬಹುದಿತ್ತು. ವಾಷಿಂಗ್ಟನ್ ಏನು ಮಾಡಬಹುದಿತ್ತು?

---

ಹಳೇ_ಕಾಗದ

ಹುಣಸೂರಿನ ಅಣ್ಣ, ಎಲೆಯನ್ನು ಬೇರೆ ದೇಶಕ್ಕೆ ನೇರವಾಗಿ ಕಳಿಸುವ ಹಾಗೇ ಇರಲಿಲ್ಲ. 1660ರ ನೌಕಾಯಾನ ಕಾಯ್ದೆ ಪ್ರಕಾರ ವಸಾಹತಿನ ಹೊಗೆಸೊಪ್ಪು ಮೊದಲು ಬ್ರಿಟನ್ನಿಗೇ ಹೋಗಬೇಕಿತ್ತು. ಅಲ್ಲಿ ಇಳಿದ ಎಲೆಯಲ್ಲಿ ಹೆಚ್ಚಿನ ಪಾಲು ಮತ್ತೆ ಹಡಗು ಹತ್ತಿ ಫ್ರಾನ್ಸ್, ಹಾಲೆಂಡ್, ಜರ್ಮನಿ ಕಡೆ ಹೋಗುತ್ತಿತ್ತು. ಹಾಲೆಂಡಿನವನಿಗೆ ಬೇಕು, ವರ್ಜೀನಿಯಾದವನ ಹತ್ತಿರ ಇದೆ. ನಡುವೆ ಲಂಡನ್ ಕೂತಿದೆ.

ಇನ್ನೊಂದು ದಾರಿ ಇತ್ತು. ಗ್ಲಾಸ್ಗೋ ವ್ಯಾಪಾರಿಗಳು ವರ್ಜೀನಿಯಾದ ನದಿ ದಂಡೆಗಳಲ್ಲೇ ಅಂಗಡಿ ಹಾಕಿದ್ದರು. ಅವರ ಗುಮಾಸ್ತರು ಸ್ಥಳದಲ್ಲೇ ಎಲೆ ಕೊಳ್ಳುತ್ತಿದ್ದರು, ಸಾಮಾನನ್ನು ಸಾಲಕ್ಕೆ ಕೊಡುತ್ತಿದ್ದರು. ಜಾನ್ ಗ್ಲಾಸ್‌ಫೋರ್ಡ್, ವಿಲಿಯಂ ಕನಿಂಗ್‌ಹ್ಯಾಮ್, ಅಲೆಕ್ಸಾಂಡರ್ ಸ್ಪೀರ್ಸ್ ಇದರಲ್ಲೇ ಕೋಟ್ಯಧಿಪತಿಗಳಾದರು. ಗ್ಲಾಸ್ಗೋದಲ್ಲಿ ವರ್ಜೀನಿಯಾ ಬೀದಿ ಅಂತ ಇವತ್ತಿಗೂ ಇದೆ. ಸಣ್ಣ ರೈತರು ಇವರಿಗೇ ಮಾರುತ್ತಿದ್ದರು. ದೊಡ್ಡ ಜಮೀನ್ದಾರರು ಲಂಡನ್ನಿಗೆ ಕಳಿಸುತ್ತಿದ್ದರು. ಲಂಡನ್ನಿನಲ್ಲಿ ಒಳ್ಳೆ ಬೆಲೆ ಸಿಗುತ್ತದೆ ಅನ್ನುವ ಆಸೆ. ಜೊತೆಗೆ, ಲಂಡನ್ನಿನಲ್ಲಿ ನನ್ನದೊಂದು ಖಾತೆ ಇದೆ ಅನ್ನುವ ದೊಡ್ಡಸ್ತಿಕೆ.

ಗ್ರೇಡಿಂಗ್ ಬಗ್ಗೆ ನಿಮಗೆ ಇಷ್ಟವಾಗುವ ವಿಷಯ ಒಂದಿದೆ. 1730ರಲ್ಲೇ ವರ್ಜೀನಿಯಾದಲ್ಲಿ ತಪಾಸಣೆ ಕಾಯ್ದೆ ಬಂತು. ಪ್ರತಿ ಪೀಪಾಯಿಯನ್ನೂ ಸರ್ಕಾರಿ ಗೋದಾಮಿಗೆ ತಂದು ಬಿಚ್ಚಿ ತೋರಿಸಬೇಕು. ಕೆಟ್ಟ ಎಲೆಯನ್ನು ಅಲ್ಲೇ ಸುಡುತ್ತಿದ್ದರು. ಪಾಸಾದರೆ ಒಂದು ಚೀಟಿ ಕೊಡುತ್ತಿದ್ದರು. ಆ ಚೀಟಿಯೇ ಊರಲ್ಲಿ ದುಡ್ಡಿನ ಹಾಗೆ ಓಡಾಡುತ್ತಿತ್ತು. ಚರ್ಚಿನ ಪಾದ್ರಿಗೆ ವರ್ಷದ ಸಂಬಳ 16,000 ಪೌಂಡ್ ಹೊಗೆಸೊಪ್ಪು. ಹಣದಲ್ಲಲ್ಲ, ಎಲೆಯ ತೂಕದಲ್ಲಿ.

---

ವಿಜಯಪುರ_ಗುಮ್ಮಟ

ಚರ್ಚೆಯಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಇದೇ ಎಲೆ 1604–05ರ ಹೊತ್ತಿಗಾಗಲೇ ನಮ್ಮ ಬಿಜಾಪುರದಲ್ಲಿತ್ತು. ಅಕ್ಬರನ ದೂತ ಅಸದ್ ಬೇಗ್ ಅಲ್ಲಿ ಅದನ್ನು ನೋಡಿ, ಹೊಸ ವಸ್ತು ಅಂತ ಒಂದಿಷ್ಟು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ವರ್ಜೀನಿಯಾದಲ್ಲಿ ಇಂಗ್ಲಿಷರು ಇನ್ನೂ ಊರೇ ಕಟ್ಟಿರಲಿಲ್ಲ. ಜೇಮ್ಸ್‌ಟೌನ್ ಆದದ್ದು 1607ರಲ್ಲಿ. ಇಷ್ಟು ಹೇಳಬೇಕು ಅನಿಸಿತು. ಮುಂದುವರಿಸಿ.

---

ಲೆಕ್ಕಪತ್ರ

ನಾನು ಮಂಗಳೂರಿನಲ್ಲಿ ಕಾಫಿ ರಫ್ತು ಮಾಡುವ ಒಂದು ಸಂಸ್ಥೆಯಲ್ಲಿ 31 ವರ್ಷ ಲೆಕ್ಕ ಬರೆದವನು. ಹಾಗಾಗಿ ಕೇರಿಯ ಪರವಾಗಿ ಒಂದೆರಡು ಮಾತು ಆಡಲೇಬೇಕು. ಅವನ ಪರ ಇಲ್ಲಿ ಯಾರೂ ಇಲ್ಲ.

ಮೊದಲು ಕಮಿಷನ್. ಮಾರಾಟದ ಮೇಲೆ ಸಾಮಾನ್ಯವಾಗಿ ನೂರಕ್ಕೆ ಎರಡೂವರೆ. ಇದು ಕೇರಿ ಒಬ್ಬನದಲ್ಲ, ಆ ಕಾಲದ ವಾಡಿಕೆ. ಬಡ್ಡಿ ನೂರಕ್ಕೆ 5. ಇಂಗ್ಲೆಂಡಿನ ಕಾನೂನಿನ ಪ್ರಕಾರ ಅದಕ್ಕಿಂತ ಜಾಸ್ತಿ ಹಾಕುವ ಹಾಗಿರಲಿಲ್ಲ. ನಮ್ಮೂರಿನ ಕೈಸಾಲದ ಬಡ್ಡಿ ನೆನೆದರೆ ಇದು ಕಮ್ಮಿಯೇ. ಸುಂಕವಂತೂ ಎಲೆಯ ಬೆಲೆಗಿಂತ ಜಾಸ್ತಿ. ಮತ್ತೆ ರಫ್ತಾದರೆ ಅದು ವಾಪಸ್ ಬರುತ್ತಿತ್ತು, ನಿಜ. ಆದರೆ ಅಲ್ಲಿಯವರೆಗೆ ಜಾಮೀನು ಬರೆದುಕೊಡುವವನು, ಸುಂಕದ ಕಟ್ಟೆಗೆ ಅಲೆಯುವವನು ವ್ಯಾಪಾರಿ.

ಎರಡನೆಯದು, ಬೇಡಿಕೆಯ ಪಟ್ಟಿ. ಒಬ್ಬ ಜಮೀನ್ದಾರ ನೇಗಿಲಿಂದ ಹಿಡಿದು ಹೆಂಡತಿಯ ರೇಷ್ಮೆ ಬಟ್ಟೆಯವರೆಗೆ ಕೇಳುತ್ತಾನೆ. ಪ್ರತಿಯೊಂದಕ್ಕೂ ಬೇರೆ ಅಂಗಡಿ. ಆಳು ಕಳಿಸಬೇಕು, ಪ್ಯಾಕ್ ಮಾಡಿಸಬೇಕು, ಹಡಗಿಗೆ ಹಾಕಬೇಕು. ಅಂಗಡಿಯವನು ಕೆಟ್ಟ ಮಾಲು ಕೊಟ್ಟರೆ ಬೈಗುಳ ಕೇರಿಗೆ. ಇದನ್ನು ನಾನು ಅನುಭವಿಸಿದ್ದೇನೆ. ಒಂದು ಸಲ ನಮ್ಮ ಕಂಟೇನರ್‌ಗೆ ತೇವ ಹಿಡಿದು ಅತ್ತ ಬಂದರಿನಲ್ಲಿ ಮಾಲು ತಿರಸ್ಕಾರವಾಯಿತು. ಬೆಳೆಗಾರರು ನನ್ನ ಟೇಬಲ್ ಮುಂದೆ ಬಂದು ನಿಂತರು. ಹಡಗಿನವನ ಮುಂದೆ ಯಾರೂ ನಿಲ್ಲಲಿಲ್ಲ.

ಮೂರನೆಯದು. 1756ರಿಂದ 1763ರವರೆಗೆ ಫ್ರಾನ್ಸ್ ಜೊತೆ ಯುದ್ಧ. ಸಮುದ್ರದಲ್ಲಿ ಹಡಗು ಹಿಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ವಿಮೆ ದುಬಾರಿ, ಬಾಡಿಗೆ ದುಬಾರಿ. ಇದು ಕೇರಿಯ ತಪ್ಪಾ?

ವಾಷಿಂಗ್ಟನ್ನನ ಖರ್ಚನ್ನೂ ನೋಡಿ. ಕೈಯಲ್ಲಿ ಬೆಳೆ ಬಂದು, ಮಾರಾಟದ ಲೆಕ್ಕ ಬರುವುದಕ್ಕೆ ಒಂದೂವರೆ ವರ್ಷ. ಅಷ್ಟರಲ್ಲಿ ಮುಂದಿನ ಎರಡು ಪಟ್ಟಿ ಹೋಗಿರುತ್ತಿತ್ತು. ಬರುವ ದುಡ್ಡು ಎಷ್ಟು ಅಂತ ನೋಡದೆ ಖರ್ಚು ಮಾಡಿದರೆ ಖಾತೆ ಕೆಂಪಾಗದೆ ಇರುತ್ತಾ?

---

ಪೊಟೊಮ್ಯಾಕ್_ಅಕ್ಕ

ನಾನು ಹನ್ನೆರಡು ವರ್ಷದಿಂದ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಇದ್ದೇನೆ. ಊರು ದಾವಣಗೆರೆ. ದಿನಾ ಕೆಲಸಕ್ಕೆ ಹೋಗುವ ದಾರಿ ಹೆಸರು ರೋಲಿಂಗ್ ರೋಡ್. ಬಹಳ ವರ್ಷ ಏನೋ ಹೆಸರು ಅಂದುಕೊಂಡಿದ್ದೆ. ಹೊಗೆಸೊಪ್ಪಿನ ಪೀಪಾಯಿಗಳನ್ನು ನದಿ ದಂಡೆಯವರೆಗೆ ಉರುಳಿಸಿಕೊಂಡು ಹೋಗುತ್ತಿದ್ದ ದಾರಿ ಅಂತ ಆಮೇಲೆ ತಿಳಿಯಿತು. 450 ಕಿಲೋ ಪೀಪಾಯಿಯನ್ನು ಮಣ್ಣಿನ ದಾರಿಯಲ್ಲಿ ಉರುಳಿಸುವುದು. ಉರುಳಿಸಿದವರು ಜಮೀನ್ದಾರರಲ್ಲ.

ಲೆಕ್ಕಪತ್ರ ಸರ್ ಹೇಳಿದ ಪಟ್ಟಿಯ ಬಗ್ಗೆ ಒಂದು ಮಾತು. 1763ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಲಂಡನ್ನಿನ ದರ್ಜಿಗೆ ಬರೆದ ಪತ್ರ ಓದಿದ್ದೇನೆ. ಇಲ್ಲಿ ಅಳತೆ ತೆಗೆಯುವವರು ಸರಿಯಿಲ್ಲ, ಅದಕ್ಕೇ ಅಳತೆ ಕಳಿಸುತ್ತಿಲ್ಲ ಅನ್ನುತ್ತಾನೆ. ಬದಲಿಗೆ, ಆರಡಿ ಎತ್ತರದ, ದಪ್ಪಕ್ಕಿಂತ ತೆಳ್ಳಗೆ ಅನ್ನಬಹುದಾದ, ಉದ್ದ ಕೈ ಉದ್ದ ತೊಡೆಯ, ಬಟ್ಟೆ ಚೆನ್ನಾಗಿ ಹೊಂದುವ ಒಬ್ಬ ಮನುಷ್ಯನನ್ನು ಹುಡುಕಿ ಅವನ ಅಳತೆ ತಗೊಳ್ಳಿ. ಕಳೆದ ಸಲದ ಪ್ಯಾಂಟು ಗಿಡ್ಡ ಆಗಿತ್ತು, ಈ ಸಲ ಉದ್ದ ಇರಲಿ. ಹೀಗೆ ಕಾಗದದ ಮೇಲೆ ಬಟ್ಟೆ ಹೊಲಿಸಿದರೆ ಎಲ್ಲಿಂದ ಸರಿ ಬರಬೇಕು? ತಪ್ಪಾಗಿದೆ ಅಂತ ತಿಳಿಸಲು ಎರಡು ತಿಂಗಳು. ಸರಿ ಮಾಡಿದ್ದು ಬರಲು ಇನ್ನೆರಡು ತಿಂಗಳು.

ಇನ್ನೊಂದು ಪ್ರಸಂಗ. 1759ರಲ್ಲಿ ಮನೆಗೆ ಇಡಲು ಅಲೆಕ್ಸಾಂಡರ್, ಜೂಲಿಯಸ್ ಸೀಸರ್, ಸ್ವೀಡನ್ನಿನ ಹನ್ನೆರಡನೇ ಚಾರ್ಲ್ಸ್, ಪ್ರಷ್ಯಾದ ರಾಜ, ಇಂಥ ಸೇನಾನಿಗಳ ಎದೆಮಟ್ಟದ ಪ್ರತಿಮೆ ಬೇಕು ಅಂತ ಕೇಳಿದ. ಬಂದದ್ದು ಮುದುಕ ತಂದೆಯನ್ನು ಹೊತ್ತುಕೊಂಡು ಟ್ರಾಯ್ ನಗರದಿಂದ ಓಡುವ ಈನಿಯಸ್, ಮತ್ತೆ ಬ್ಯಾಕಸ್, ಫ್ಲೋರಾ ಎಂಬ ದೇವತೆಗಳ ಗೊಂಬೆಗಳು. ಕೇಳಿದ್ದು ಸಿಗದಿದ್ದಾಗ ಇರುವುದನ್ನು ಕಳಿಸಿದರು. ದುಡ್ಡು ಮಾತ್ರ ಖಾತೆಯಿಂದ ಹೋಯಿತು.

ಯಾರು ಬಂದರೂ ವಾಷಿಂಗ್ಟನ್ನನ ಮನೆ, ಜಮೀನು ಇದ್ದ ಮೌಂಟ್ ವರ್ನನ್‌ಗೆ ಕರೆದುಕೊಂಡು ಹೋಗುತ್ತೇನೆ. ಅಪ್ಪ ಬಂದಾಗ ಅವರಿಗೆ ಇಷ್ಟವಾದದ್ದು ಮನೆಯಲ್ಲ, ಹದಿನಾರು ಮೂಲೆಯ ಕಣಜ. ಮೂಲ ಕಟ್ಟಡ 1790ರ ದಶಕದ್ದು, ಈಗಿರುವುದು ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ಮೇಲಿನ ಮಹಡಿಯಲ್ಲಿ ಗೋಧಿಯ ತೆನೆ ಹರಡಿ ಕುದುರೆಗಳನ್ನು ಸುತ್ತ ಓಡಿಸುತ್ತಿದ್ದರು. ಹಲಗೆಗಳ ಸಂದಿನಿಂದ ಕಾಳು ಕೆಳಗೆ ಉದುರುತ್ತಿತ್ತು. ಅಪ್ಪ ಬಗ್ಗಿ ಆ ಸಂದಿನಲ್ಲಿ ಬೆರಳಿಟ್ಟು ನೋಡಿದರು. "ನಮ್ಮ ಕಣದಲ್ಲಿ ಎತ್ತು ತುಳಿದಂಗೇ. ಇಲ್ಲಿ ಕಣನೇ ಮಹಡಿ ಹತ್ತೈತಿ" ಅಂದರು.

---

ಮಲೆನಾಡ_ತೋಟ

ಶಿರಸಿ ಕಡೆಯವ ನಾನು. ಇದನ್ನು ಓದುತ್ತಾ ಓದುತ್ತಾ ನನಗೆ ನಮ್ಮ ಅಜ್ಜನ ಅಡಿಕೆ ಲೆಕ್ಕದ ಪುಸ್ತಕ ಕಣ್ಣ ಮುಂದೆ ಬಂತು. ಕೆಂಪು ಬಟ್ಟೆಯ ರಟ್ಟು. ಒಂದು ಕಡೆ "ಅಡಿಕೆ ಬಿಟ್ಟದ್ದು". ಇನ್ನೊಂದು ಕಡೆ "ತಂದದ್ದು". ತಂದದ್ದು ಅಂದರೆ ಮಂಡಿಯಿಂದ ಮುಂಗಡ ತಂದ ಹಣ, ಅಕ್ಕಿ, ಎಣ್ಣೆ, ಮಗಳ ಮದುವೆಗೆ ಸೀರೆ. ಅಡಿಕೆ ಮೂಟೆ ಮಂಡಿಯಲ್ಲಿ ಇಟ್ಟು ಬರುವುದು. ದರ ಬಂದಾಗ ಸಾಹುಕಾರರು ಮಾರುತ್ತಾರೆ. ದಲಾಲಿ ಕಳೆಯುತ್ತಾರೆ, ಹಮಾಲಿ ಕಳೆಯುತ್ತಾರೆ, ಬಡ್ಡಿ ಕಳೆಯುತ್ತಾರೆ. ಆ ಪುಸ್ತಕದಲ್ಲಿ ಹದಿನೇಳು ವರ್ಷ ಸಾಲದ ಬಾಕಿ ಸೊನ್ನೆ ಆದದ್ದು ನಾನು ನೋಡಲಿಲ್ಲ.

ಸಾಹುಕಾರರು ಕೆಟ್ಟವರಾಗಿರಲಿಲ್ಲ. ಅಜ್ಜಿಗೆ ಕಾಯಿಲೆಯಾದಾಗ ರಾತ್ರಿ ಹಣ ಕಳಿಸಿದವರೂ ಅವರೇ. ಅದಕ್ಕೇ ಅಜ್ಜ ಎಂದೂ ಇನ್ನೊಂದು ಮಂಡಿಗೆ ಹೋಗಲಿಲ್ಲ. ಹೋಗುವುದು ಹೇಗೆ? ಬಾಕಿ ಇದೆಯಲ್ಲ.

ಇದಕ್ಕೇ ನಮ್ಮವರು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದ್ದು. ಕರಾವಳಿಯಲ್ಲಿ 1973ರಲ್ಲಿ ಕ್ಯಾಂಪ್ಕೋ ಬಂತು. ಬೆಳೆಗಾರರೇ ಸೇರಿ ತಕ್ಕಡಿ ಹಿಡಿದರು. ವರ್ಜೀನಿಯಾದವರು ಹಾಗೆ ಯಾಕೆ ಮಾಡಲಿಲ್ಲ? ಅಷ್ಟು ದೊಡ್ಡವರು, ಓದಿದವರು, ಶಾಸನಸಭೆಯಲ್ಲಿ ಕೂತವರು.

ಲೆಕ್ಕಪತ್ರ ಸರ್, ನೀವು ಹೇಳಿದ್ದು ಒಪ್ಪುತ್ತೇನೆ, ಕೇರಿ ಮೋಸಗಾರ ಅಲ್ಲದೆ ಇರಬಹುದು. ಆದರೆ ಪುಸ್ತಕ ಒಬ್ಬನ ಹತ್ತಿರವೇ ಇದ್ದರೆ ಅವನು ಮೋಸ ಮಾಡುವ ಅಗತ್ಯವೇ ಇರುವುದಿಲ್ಲ.

---

ಲೆಕ್ಕಪತ್ರ

ಕೊನೆಯ ಮಾತು ಸರಿಯಾಗಿ ಹೇಳಿದಿರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಕೆಂಪು_ಮಣ್ಣು

ಇಷ್ಟು ಹೊತ್ತು ಎಲ್ಲರೂ ವಾಷಿಂಗ್ಟನ್ನನನ್ನು ರೈತ ರೈತ ಅನ್ನುತ್ತಿದ್ದೀರಿ. ಹುಣಸೂರಿನವರ ಜೊತೆ, ಶಿರಸಿಯ ಅಜ್ಜನ ಜೊತೆ ಅವನನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ. ನನಗೆ ಇದು ಒಪ್ಪಿಗೆಯಿಲ್ಲ. ಬೇಸರವೂ ಆಯಿತು.

ಅವನು ಒಂದು ಎಲೆಯನ್ನೂ ಕೈಯಾರೆ ಬೆಳೆದವನಲ್ಲ. ಚಳಿಗಾಲದ ಕೊನೆಗೆ ಮಡಿ ಮಾಡಿ ಬೀಜ ಹಾಕುವುದು. ಮೇ ತಿಂಗಳಲ್ಲಿ ಸಸಿ ಕಿತ್ತು ನೆಡುವುದು. ಆಮೇಲೆ ತುದಿ ಚಿವುಟುವುದು, ಪಕ್ಕದ ಚಿಗುರು ತೆಗೆಯುವುದು, ಒಂದೊಂದು ಎಲೆಯ ಅಡಿಯಿಂದ ಹುಳ ಆರಿಸಿ ಕೊಲ್ಲುವುದು. ಕೊಯ್ದು, ನೇತುಹಾಕಿ, ಹದ ನೋಡಿ ಇಳಿಸಿ, ಪೀಪಾಯಿಗೆ ಒತ್ತುವುದು. ಇದೆಲ್ಲ ಗುಲಾಮರ ಕೆಲಸ. ಮಾರ್ಥಾಳ ಪಾಲಿನಿಂದ ಅವನ ಕೈಗೆ ಬಂದ ಗುಲಾಮರೇ 84 ಜನ.

ಕೇರಿಯ ಪಟ್ಟಿಗಳಲ್ಲಿ ಅವರೂ ಇದ್ದಾರೆ. ಹೆಸರಿನಿಂದಲ್ಲ, ಗಜದ ಲೆಕ್ಕದಲ್ಲಿ. ಯಜಮಾನನಿಗೆ ನಯವಾದ ಉಣ್ಣೆಬಟ್ಟೆ, ಅದೇ ಖಾತೆಯಲ್ಲಿ ಗುಲಾಮರಿಗೆ ಅಂತ ಒರಟು ನಾರುಬಟ್ಟೆ, ಗುದ್ದಲಿ. ಕೇರಿಗೂ ವಾಷಿಂಗ್ಟನ್ನನಿಗೂ ಇದ್ದದ್ದು ಜಗಳ. ಜಗಳ ಆಡಲು ಇಬ್ಬರಿಗೂ ಕಾಗದ ಇತ್ತು, ಶಾಯಿ ಇತ್ತು, ಖಾತೆ ಇತ್ತು.

1766ರ ಜುಲೈ 2ರ ಒಂದು ಪತ್ರ ಇದೆ. ಕೇರಿಗೆ ಬರೆದದ್ದಲ್ಲ, ವೆಸ್ಟ್ ಇಂಡೀಸ್ ಕಡೆ ಹೊರಟಿದ್ದ ಹಡಗಿನ ಕ್ಯಾಪ್ಟನ್‌ಗೆ ಬರೆದದ್ದು. ಜೊತೆಗೆ ಟಾಮ್ ಎಂಬ ಗುಲಾಮನನ್ನು ಕಳಿಸುತ್ತಿದ್ದಾನೆ. ಇವನು ಓಡಿಹೋಗುವವನು, ಮಾತು ಕೇಳದವನು, ಆದರೆ ಗಟ್ಟಿಮುಟ್ಟು, ಗುದ್ದಲಿ ಕೆಲಸ ಬಲ್ಲವನು. ಸಿಕ್ಕ ಬೆಲೆಗೆ ಮಾರಿ. ಹಡಗು ದಡ ಬಿಡುವವರೆಗೆ ಕೈಗೆ ಕೋಳ ಇರಲಿ. ಬಂದ ಹಣದಲ್ಲಿ ಒಂದು ಪೀಪಾಯಿ ಕಾಕಂಬಿ, ಒಂದು ಪೀಪಾಯಿ ರಮ್, ಒಂದು ಪೀಪಾಯಿ ನಿಂಬೆ, ಹತ್ತು ಪೌಂಡ್ ತೂಕದ ಒಂದು ಮಡಕೆ ಹುಣಸೆಹಣ್ಣು, ಸ್ವಲ್ಪ ಸಿಹಿತಿಂಡಿ, ಉಳಿದದ್ದಕ್ಕೆ ಒಳ್ಳೆಯ ಹಳೇ ಮದ್ಯ ತನ್ನಿ.

ಒಂದು ಮಡಕೆ ಹುಣಸೆಹಣ್ಣು. ಇದನ್ನು ಓದಿದ ದಿನ ಸಾರಿಗೆ ಹುಣಸೆ ಕಿವುಚುವಾಗ ಕೈ ನಿಂತುಹೋಯಿತು.

---

ಹುಣಸೂರು_ಬೇಸಾಯ

ನಮ್ಮ ಊರ ಹೆಸರಲ್ಲೇ ಹುಣಸೆ ಇದೆ. ಏನು ಹೇಳಬೇಕೋ ತಿಳಿಯುತ್ತಿಲ್ಲ. ಹುಳ ಆರಿಸುವ ಕೆಲಸ ನಾನು ಮಾಡಿದ್ದೇನೆ. ಎಲೆಯ ಅಂಟು ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ, ಊಟ ಮಾಡುವಾಗ ಅನ್ನ ಕಹಿ. ಬೆಳಗಿನ ಮಂಜಿನಲ್ಲಿ ಎಲೆ ಮುರಿದರೆ ತಲೆ ಸುತ್ತಿ ವಾಂತಿ ಬರುತ್ತದೆ. ನನ್ನ ಹೊಲ ಅಂತ ಮಾಡಿದೆ. ಬೇರೆಯವರ ಹೊಲದಲ್ಲಿ, ಕೂಲಿ ಇಲ್ಲದೆ, ಹೊಡೆತಕ್ಕೆ ಹೆದರಿ ಅಂದರೆ ಅದು ಬೇರೆಯೇ ಮಾತು. ನನ್ನನ್ನು ಅವನ ಸಾಲಿನಿಂದ ತೆಗೆದದ್ದು ಸರಿಯಾಯಿತು.

---

ಹಳೇ_ಕಾಗದ

ಕೆಂಪು ಮಣ್ಣಿನವರು ತಿದ್ದಿದ್ದು ಸರಿ. ನಾನು ಪ್ರಶ್ನೆಯನ್ನು ಇಬ್ಬರ ನಡುವೆ ಮಾತ್ರ ಇಟ್ಟೆ. ಅದು ನನ್ನ ಕೊರತೆ.

ಮಲೆನಾಡಿನವರ ಪ್ರಶ್ನೆಗೆ ಬರುತ್ತೇನೆ. ಅವರು ಒಟ್ಟಾಗಿ ಮಾರಾಟ ಸಂಘ ಕಟ್ಟಲಿಲ್ಲ, ನಿಜ. ಪ್ರತಿಯೊಬ್ಬನಿಗೂ ತನ್ನ ಎಲೆಯೇ ಹೆಚ್ಚು, ತನ್ನ ಪೀಪಾಯಿಗೆ ತನ್ನದೇ ಗುರುತು. ವಾಷಿಂಗ್ಟನ್ನನಿಗೂ ಅದೇ ಹೆಮ್ಮೆ. ಯಾರ್ಕ್ ನದಿ ಕಡೆಯ ಕಸ್ಟಿಸ್ ಜಮೀನಿನ ಎಲೆ ಒಳ್ಳೆಯ ಜಾತಿ, ಪರಿಮಳದ್ದು. ಪೊಟೊಮ್ಯಾಕ್ ದಂಡೆಯ ಮೌಂಟ್ ವರ್ನನ್ ಮಣ್ಣಿನಲ್ಲಿ ಅದು ಏಳಲಿಲ್ಲ. ಎಷ್ಟೇ ಪ್ರಯತ್ನಪಟ್ಟರೂ ಬೆಲೆ ಬರಲಿಲ್ಲ.

1764ರ ಹೊತ್ತಿಗೆ ಕೇರಿ ಲೆಕ್ಕ ಕಳಿಸಿದ. ಬಾಕಿ ಸುಮಾರು 1,800 ಪೌಂಡ್. ಬೇಗ ತೀರಿಸಿ, ಬಡ್ಡಿಯೂ ಏರುತ್ತಿದೆ ಅಂದ. ಆಗಸ್ಟ್ 10ರಂದು ವಾಷಿಂಗ್ಟನ್ ಕೊಟ್ಟ ಉತ್ತರದಲ್ಲಿ ನೋವಿದೆ. ಇದಕ್ಕೆ ಕಾರಣ ನನ್ನ ದುರ್ನಡತೆಯಲ್ಲ, ದುರದೃಷ್ಟ. ಬೆಳೆ ಕೈಕೊಟ್ಟಿತು, ನನಗೆ ಕೊಡಬೇಕಾದವರು ಕೊಡಲಿಲ್ಲ. ಸ್ವತಂತ್ರ ಮನಸ್ಸಿನವನಿಗೆ ಸಾಲದಲ್ಲಿ ಸಿಕ್ಕಿಕೊಳ್ಳುವುದು ಕಿರಿಕಿರಿಯ ಸಂಗತಿ. ಈ ಅರ್ಥದ ಮಾತು. ಕೆಂಪು ಮಣ್ಣಿನವರ ಮಾತು ಓದಿದ ಮೇಲೆ ಆ "ಸ್ವತಂತ್ರ ಮನಸ್ಸು" ಅನ್ನುವುದನ್ನು ನಾನು ಮೊದಲಿನ ಹಾಗೆ ಓದಲಾರೆ.

1765ರ ಸೆಪ್ಟೆಂಬರ್ 20ರ ಪತ್ರ ನನ್ನ ಮಟ್ಟಿಗೆ ತಿರುವು. ನೀವು ನನ್ನ ಎಲೆ ಮಾರಿದ ಬೆಲೆ ಕನಿಕರ ಹುಟ್ಟಿಸುವಷ್ಟು ಕಮ್ಮಿ. ಇದೇ ನದಿಯ ದಂಡೆಯ ನನ್ನ ಪರಿಚಯದವರಿಗೆ ಬೇರೆ ವ್ಯಾಪಾರಿಗಳು ಇದಕ್ಕಿಂತ ಜಾಸ್ತಿ ತಂದುಕೊಟ್ಟಿದ್ದಾರೆ. ಹೀಗೆ ಹೆಸರು ಹಿಡಿದು ಹೋಲಿಸುತ್ತಾನೆ. ಲೆಕ್ಕಪತ್ರ ಸರ್, ಯುದ್ಧ ಮುಗಿದು ಎರಡು ವರ್ಷ ಆಗಿತ್ತು. ಅದೇ ಊರಿನ ಇನ್ನೊಬ್ಬ ಹೆಚ್ಚು ಬೆಲೆ ತರುತ್ತಿದ್ದ ಅಂದರೆ ಕೇರಿ ಇನ್ನೂ ಮೈಮುರಿದು ದುಡಿಯಬಹುದಿತ್ತು ಅನಿಸುತ್ತದೆ. ಅದೇ ಪತ್ರದಲ್ಲಿ ಸ್ಟಾಂಪ್ ಕಾಯ್ದೆಯ, ಅಂದರೆ ವಸಾಹತಿನ ಕಾಗದಪತ್ರಗಳ ಮೇಲೆ ಆ ವರ್ಷ ಬ್ರಿಟನ್ ಹಾಕಿದ ತೆರಿಗೆಯ ಮಾತೂ ಬರುತ್ತದೆ. ಈ ತೆರಿಗೆಯಿಂದ ನಿಮಗೇ ನಷ್ಟ, ನಾವು ನಿಮ್ಮ ಸಾಮಾನು ಕೊಳ್ಳುವುದನ್ನು ಕಮ್ಮಿ ಮಾಡುತ್ತೇವೆ ಅನ್ನುತ್ತಾನೆ. ಎಲೆಯ ಬೆಲೆಯ ಜಗಳ ಮತ್ತು ರಾಜಕೀಯದ ಜಗಳ ಎರಡೂ ಒಂದೇ ಹಾಳೆಯಲ್ಲಿವೆ.

ಅಲ್ಲಿಂದಾಚೆಗೆ ಮೌಂಟ್ ವರ್ನನ್‌ನಲ್ಲಿ ಅವನು ಹೊಗೆಸೊಪ್ಪು ಹಾಕುವುದನ್ನೇ ಬಿಟ್ಟ. ಗೋಧಿ ಬಿತ್ತಿದ. ಗೋಧಿಗೆ ಕೊಳ್ಳುವವರು ಪಕ್ಕದ ಅಲೆಕ್ಸಾಂಡ್ರಿಯಾ ಪೇಟೆಯಲ್ಲೇ ಸಿಗುತ್ತಿದ್ದರು. ಬೆಲೆ ಎದುರಲ್ಲೇ ಕುದುರುತ್ತಿತ್ತು. 1771ರಲ್ಲಿ ಹೊಸ ಹಿಟ್ಟಿನ ಗಿರಣಿ ಶುರುವಾಯಿತು. ತನ್ನ ಹೆಸರಿನ ಮುದ್ರೆ ಹಾಕಿ ಹಿಟ್ಟನ್ನು ವೆಸ್ಟ್ ಇಂಡೀಸಿಗೆ ಕಳಿಸಿದ. ನದಿಯಲ್ಲಿ ಮೀನು ಹಿಡಿಸಿ ಉಪ್ಪು ಹಾಕಿ ಮಾರಿದ. ಪೊಟೊಮ್ಯಾಕ್ ಅಕ್ಕನ ತಂದೆ ಬೆರಳಿಟ್ಟು ನೋಡಿದ ಕಣಜ ಆ ಗೋಧಿಯ ದಾರಿಯಲ್ಲೇ ಬಂದದ್ದು.

ಕಸ್ಟಿಸ್ ಜಮೀನಿನ ಎಲೆ ಮಾತ್ರ ಕೇರಿಗೆ ಹೋಗುತ್ತಲೇ ಇತ್ತು. ಸಾಮಾನೂ ಬರುತ್ತಲೇ ಇತ್ತು. 1768ರಲ್ಲಿ ಹೊಸ ಮಾದರಿಯ, ಹಸಿರು ಬಣ್ಣದ ಸಾರೋಟು ಕೇಳಿದ. ಚೆನ್ನಾಗಿ ಒಣಗಿದ ಮರದಲ್ಲಿ ಮಾಡಿಸಿ ಅಂತ ಒತ್ತಿ ಹೇಳಿದ್ದ. ಬಂದದ್ದು ಹಸಿ ಮರ. ಎರಡು ತಿಂಗಳೊಳಗೆ ಹಲಗೆಗಳು ಚೌಕಟ್ಟಿನಿಂದ ಜಾರಿದವು.

---

ಲೆಕ್ಕಪತ್ರ

ಸಾರೋಟಿನ ವಿಷಯಕ್ಕೆ ನಾನು ಕೇರಿಯ ಪರ ನಿಲ್ಲುವುದಿಲ್ಲ.

ಸಾಲ ತೀರಿದ್ದು ಹೇಗೆ ಅನ್ನುವುದನ್ನೂ ಹೇಳಿಬಿಡಿ ಸರ್. ಅದು ಗೋಧಿಯಿಂದ ಅಲ್ಲ ಅಂತ ಓದಿದ ನೆನಪು.

---

ಹಳೇ_ಕಾಗದ

ಹೌದು. ಮಾರ್ಥಾಳ ಮಗಳು ಪ್ಯಾಟ್ಸಿಗೆ ಮೂರ್ಛೆ ರೋಗ ಇತ್ತು. ಹಿಂದೆ ಕೇರಿಯ ಪಟ್ಟಿಯಲ್ಲಿ ಗೊಂಬೆ ಬರೆದದ್ದು ಇವಳಿಗೇ. 1773ರ ಜೂನ್ 19ರಂದು ಊಟದ ಹೊತ್ತು ಮುಗಿಯುವಾಗ ಮೂರ್ಛೆ ಬಂದು ಎರಡೇ ನಿಮಿಷದಲ್ಲಿ ತೀರಿಕೊಂಡಳು. ವಯಸ್ಸು ಹದಿನೇಳು. ಅವಳ ಹೆಸರಲ್ಲಿ ಲಂಡನ್ನಿನ ಬ್ಯಾಂಕ್ ಷೇರುಗಳಿದ್ದವು. ತಾಯಿಯ ಪಾಲಿಗೆ ಬಂದ ಭಾಗದಿಂದ ಕೇರಿಯ ಬಾಕಿ ಚುಕ್ತಾ ಮಾಡಲು ವಾಷಿಂಗ್ಟನ್ ಹೇಳಿದ. ಹದಿನಾಲ್ಕು ವರ್ಷದ ಖಾತೆ ಹೀಗೆ ತೀರಿತು.

---

ಲೆಕ್ಕಪತ್ರ

ನೆನಪು ಸರಿಯಿತ್ತು. ನೆನಪಾಗದೆ ಇದ್ದರೆ ಚೆನ್ನಾಗಿತ್ತು ಅನಿಸಿತು.

ಉಳಿದ ಬೆಳೆಗಾರರಿಗೆ ಆ ದಾರಿಯೂ ಇರಲಿಲ್ಲ. 1772ರ ಜೂನ್‌ನಲ್ಲಿ ಲಂಡನ್ನಿನ ಬ್ಯಾಂಕರ್ ಅಲೆಕ್ಸಾಂಡರ್ ಫೋರ್ಡೈಸ್ ನಷ್ಟ ತಾಳಲಾರದೆ ಓಡಿಹೋದ. ಸ್ಕಾಟ್ಲೆಂಡಿನ ಏರ್ ಬ್ಯಾಂಕ್ ಮುರಿಯಿತು. ವ್ಯಾಪಾರಿಗಳ ಕುತ್ತಿಗೆಗೆ ಬಂದಾಗ ಅವರು ವರ್ಜೀನಿಯಾದ ಸಾಲ ವಾಪಸ್ ಕೇಳಿದರು. ಹತ್ತು ವರ್ಷ ನಗುನಗುತ್ತಾ ಕೊಟ್ಟ ಸಾಲವನ್ನು ಹತ್ತು ವಾರದಲ್ಲಿ ಕೇಳಿದರೆ ಯಾರು ಕೊಡುತ್ತಾರೆ? ವರ್ಜೀನಿಯಾದ ಜಮೀನ್ದಾರ, ಮುಂದೆ ಅಮೆರಿಕಾದ ಅಧ್ಯಕ್ಷನಾದ ಜೆಫರ್ಸನ್ ಆಮೇಲೆ ಬರೆದ ಮಾತಿದೆ. ಈ ಸಾಲ ತಂದೆಯಿಂದ ಮಗನಿಗೆ ತಲೆಮಾರುಗಟ್ಟಲೆ ಇಳಿದು, ಬೆಳೆಗಾರರೇ ಲಂಡನ್ನಿನ ಮಳಿಗೆಗಳಿಗೆ ಸೇರಿದ ಒಂದು ಬಗೆಯ ಆಸ್ತಿಯಾಗಿದ್ದರು ಅಂತ.

ಅಮೆರಿಕಾ ಬ್ರಿಟನ್ನಿನಿಂದ ಸ್ವತಂತ್ರವಾದ ಮೇಲೂ ಸಾಲ ಹೋಗಲಿಲ್ಲ. ಎರಡೂ ದೇಶಗಳ ನಡುವಿನ 1783ರ ಪ್ಯಾರಿಸ್ ಒಪ್ಪಂದದ ನಾಲ್ಕನೇ ಕಲಮಿನಲ್ಲಿ, ಸಾಲ ವಸೂಲಿಗೆ ಯಾರೂ ಅಡ್ಡಿ ಮಾಡಬಾರದು ಅಂತ ಬರೆದರು. ಕೊನೆಗೆ 1802ರಲ್ಲಿ ಅಮೆರಿಕಾ ಸರ್ಕಾರ 6,00,000 ಪೌಂಡ್ ಕೊಡಲು ಒಪ್ಪಿ ಲೆಕ್ಕ ಮುಗಿಸಿತು.

---

ಕೆಂಪು_ಮಣ್ಣು

ಬೆಳೆಗಾರರು ಆಸ್ತಿಯಾಗಿದ್ದರು ಅಂದ ಜೆಫರ್ಸನ್ನನ ಮನೆಯಲ್ಲೇ ನೂರಾರು ಜನ ನಿಜವಾಗಿ ಆಸ್ತಿಯಾಗಿದ್ದರು. ಸಾಲಗಾರ ತೀರಿಕೊಂಡಾಗ ಹರಾಜಿಗೆ ಹೋಗುತ್ತಿದ್ದವರೂ ಅವರೇ.

ವಾಷಿಂಗ್ಟನ್ 1799ರಲ್ಲಿ ಸತ್ತಾಗ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ತನ್ನ ಸ್ವಂತದ 123 ಜನರ ಬಿಡುಗಡೆಗೆ ಅವನು ಉಯಿಲು ಬರೆದಿದ್ದ, 1801ರ ಜನವರಿ 1ರಂದು ಅವರಿಗೆ ಬಿಡುಗಡೆ ಸಿಕ್ಕಿತು. ಇದನ್ನು ಹೇಳದೆ ಇರುವುದು ನ್ಯಾಯವಲ್ಲ. ಆದರೆ ಕಸ್ಟಿಸ್ ಪಾಲಿನವರು, ಅಂದರೆ ಕೇರಿಯ ಖಾತೆಯ ಜೊತೆಗೇ ಬಂದವರು ಮತ್ತು ಅವರ ಮಕ್ಕಳು, ಬಿಡುಗಡೆ ಆಗಲಿಲ್ಲ. ಮಾರ್ಥಾ ತೀರಿಕೊಂಡ ಮೇಲೆ ಮೊಮ್ಮಕ್ಕಳಿಗೆ ಹಂಚಿಹೋದರು. ಎಷ್ಟೋ ಮನೆಗಳಲ್ಲಿ ಗಂಡ ಆ ಕಡೆಯವನು, ಹೆಂಡತಿ ಈ ಕಡೆಯವಳು.

---

ಪೊಟೊಮ್ಯಾಕ್_ಅಕ್ಕ

ಅವರನ್ನು ಮಣ್ಣು ಮಾಡಿದ ಜಾಗ ವಾಷಿಂಗ್ಟನ್ ಸಮಾಧಿಯಿಂದ ಕೆಲವೇ ಹೆಜ್ಜೆ. ಮರಗಳ ಕೆಳಗೆ. ಗೋರಿಕಲ್ಲುಗಳಲ್ಲಿ ಹೆಸರಿಲ್ಲ ಅಂತ ಹೇಳಲೂ ಆಗದು, ಗೋರಿಕಲ್ಲೇ ಇಲ್ಲ. ಮುಂದಿನ ಸಲ ಹೋದಾಗ ಅಲ್ಲಿ ಒಂದು ಹೂವಿಟ್ಟು ಬರುತ್ತೇನೆ.

---

ಮಲೆನಾಡ_ತೋಟ

ಅಕ್ಕ, ನನ್ನದೂ ಒಂದು ಸೇರಿಸಿ ಇಡಿ.

ಅಜ್ಜನ ಪುಸ್ತಕ ಇವತ್ತು ಅಟ್ಟದಿಂದ ಇಳಿಸಿದೆ. ತೋಟದಲ್ಲಿ ಕೊನೆ ಕೊಯ್ದವರ, ಅಡಿಕೆ ಸುಲಿದ ಹೆಂಗಸರ ಹೆಸರು ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಒಂದೇ ಒಂದು ಕಡೆ ಸಿಕ್ಕಿತು. "ಸುಲಿದವರಿಗೆ ಬೆಲ್ಲ, 2 ಅಚ್ಚು."

---

ಹುಣಸೂರು_ಬೇಸಾಯ

ನಾಳೆ ಹರಾಜಿನಲ್ಲಿ ನಮ್ಮದು ಮೂರು ಬೇಲ್ ಇದೆ. ಬೆಳಗ್ಗೆ ಬೇಗ ಹೊರಡಬೇಕು. ಈ ಸಲ ಎಲೆ ಮುರಿದ ಆರು ಜನರ ಕೂಲಿ ಬಾಕಿ ಇದೆ. ದುಡ್ಡು ಬಂದ ತಕ್ಷಣ ಮೊದಲು ಅದನ್ನೇ ಕೊಡುತ್ತೇನೆ. ದರ ಎಷ್ಟು ಹೋಯಿತು ಅಂತ ಬಂದು ಬರೆಯುತ್ತೇನೆ.